ನಾಲ್ಕರ ಬಸ್ಸಿಗೆ ಒಂದು ಮುಖ

ಜಾಲಹಳ್ಳಿಯ ಯಂಕಮ್ಮಜ್ಜಿಗೆ ಮೊಬೈಲಿನಲ್ಲಿ ಬಂದ ವರನ ಮೇಲೆ ನಂಬಿಕೆ ಹುಟ್ಟಲಿಲ್ಲ. ಮೊಮ್ಮಗಳು ಉಮಾದೇವಿಗೆಂದು ಬಂದ ಹುಡುಗನ ಫೋಟೋವನ್ನು ಮಗ ಮೊಬೈಲಿನಲ್ಲಿ ತೋರಿಸಿದಾಗ, ಸರಿಯಾಗಿ ನೋಡೋಣವೆಂದು ಅಜ್ಜಿ ಹುಡುಗನ ಗಲ್ಲದ ಮೇಲೆ ಬೆರಳಿಟ್ಟಳು. ಹುಡುಗ ಸರ್ರನೆ ಪಕ್ಕಕ್ಕೆ ಸರಿದುಹೋದ. ಅವನ ಜಾಗದಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು.

"ಮುಟ್ಟಿದ್ರ ಓಡಿಹೋಗ್ತಾನಲ್ಲೋ ಇಂವ! ಕಾಗದದ ಫೋಟೋ ಕಳಸಂತ ಹೇಳು. ಕೈಯಾಗ ಹಿಡಿದು ಬಿಸಲಿಗೆ ಒಯ್ದು ನೋಡಬೇಕು. ಇವತ್ತ ನಾಕರ ಬಸ್ಸಿಗೆ ಬರಲಿಲ್ಲಂದ್ರ ಶಕ್ತಿನಗರದ ಹುಡುಗನ ಕಡೇರಿಗೆ ಹೂಂ ಅಂತೀನಿ" ಎಂದು ಅಜ್ಜಿ ತೀರ್ಪು ಕೊಟ್ಟಳು.

ಈ ತೀರ್ಪು ಮದುವೆ ಕುದುರಿಸುವ ಸೂಗಪ್ಪನ ಫೋನಿನಿಂದ ದೇವದುರ್ಗಕ್ಕೆ ಬಂದು ಮುಟ್ಟಿದಾಗ ಬೆಳಿಗ್ಗೆ ಹತ್ತೂವರೆ. ಮೊಬೈಲಿನಿಂದ ಓಡಿಹೋದ ಆ ವರ, ಅಂದರೆ ಅರಕೇರಾದ ರೇವಣಸಿದ್ದ, ಬಸ್ ನಿಲ್ದಾಣದ ಹಿಂದಿನ ವಿರೂಪಣ್ಣನ ಫೋಟೋ ಸ್ಟುಡಿಯೋದಲ್ಲಿ ಕಸ ಗುಡಿಸುತ್ತಿದ್ದ.

"ಫೋಟೋ ಅಂಗಡ್ಯಾಗ ಇರಾಂವಗ ಒಂದು ಫೋಟೋ ಏನು ದೊಡ್ದು? ಲಗೂನ ಕಳಸು" ಎಂದು ಸೂಗಪ್ಪ ಫೋನಿಟ್ಟ.

ಹೊರಗಿನವರಿಗೆ ಹಾಗೆಯೇ ಅನ್ನಿಸುತ್ತದೆ. ಆದರೆ ಎಂಟು ತಿಂಗಳಿಂದ ಕೆಲಸ ಕಲಿಯುತ್ತಿದ್ದ ರೇವಣಸಿದ್ದ ಕ್ಯಾಮೆರಾದ ಮುಂದೆ ಒಮ್ಮೆಯೂ ನಿಂತವನಲ್ಲ, ಹಿಂದೆ ನಿಂತದ್ದೂ ಕಡಿಮೆ. ಅವನ ಜಾಗ ದೀಪದ ಪಕ್ಕ. ಅವನ ಅಪ್ಪ ಮೊಬೈಲಿನಲ್ಲಿ ಸೂಗಪ್ಪನಿಗೆ ಕಳಿಸಿದ್ದು ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ಅವನು ಕುರಿ ಕಳೆದುಕೊಂಡು ಪೊಲೀಸ್ ಠಾಣೆಗೆ ಬಂದವನಂತೆ ಕಾಣುತ್ತಿದ್ದ.

ಉಮಾದೇವಿಯನ್ನು ಅವನು ಒಮ್ಮೆ ನೋಡಿದ್ದ. ಹೋದ ಬೇಸಿಗೆಯಲ್ಲಿ ಜಾಲಹಳ್ಳಿಯ ಒಂದು ನಿಶ್ಚಿತಾರ್ಥಕ್ಕೆ ವಿರೂಪಣ್ಣನ ಜೊತೆ ದೀಪ ಹಿಡಿಯಲು ಹೋಗಿದ್ದಾಗ, ಹುಡುಗಿಯರ ಸಾಲಿನಿಂದ ಒಂದು ಧ್ವನಿ ಬಂದಿತ್ತು: "ಏ ಲೈಟಿನವರ, ಕಣ್ಣಿಗೆ ಹೊಡೀಬ್ಯಾಡ್ರಿ, ನಾವೇನು ಮೊಲ ಅದೀವೇನು?" ಆ ದಿನದಿಂದ ಬೇರೆ ಯಾರ ಮಾತೂ ಅವನ ಕಿವಿಗೆ ಅಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ. ಅವಳು ಮಾತ್ರ ಅವನನ್ನು ನೋಡಿರಲಿಲ್ಲ. ದೀಪದ ಹಿಂದೆ ನಿಂತವನ ಮುಖ ಯಾರಿಗೂ ಕಾಣುವುದಿಲ್ಲ. ಅಪ್ಪನ ಕೈಕಾಲು ಹಿಡಿದು ಸೂಗಪ್ಪನನ್ನು ಅವರ ಮನೆಗೆ ಕಳಿಸುವಷ್ಟರಲ್ಲಿ ಆರು ತಿಂಗಳು ಹೋಗಿದ್ದವು.

ವಿರೂಪಣ್ಣ ಆ ದಿನ ಮಾನ್ವಿಗೆ ಮದುವೆಯ ಫೋಟೋಕ್ಕೆ ಹೋಗಿದ್ದ. ಒಳ್ಳೆಯ ಕ್ಯಾಮೆರಾ, ದೊಡ್ಡ ದೀಪಗಳು, ಬೆಳಕು ಹರಡುವ ಛತ್ರಿಗಳು ಎಲ್ಲ ಅವನ ಸಂಗಡ ಮದುವೆಗೆ ಹೋಗಿದ್ದವು. ಸ್ಟುಡಿಯೋದಲ್ಲಿ ಉಳಿದದ್ದು ಒಂದು ಹಳೆಯ ಕ್ಯಾಮೆರಾ, ಕುತ್ತಿಗೆ ಸಡಿಲವಾದ ಒಂದು ದೀಪ ಮತ್ತು ರೇವಣಸಿದ್ದ. ಫೋನಿನಲ್ಲಿ ಕೇಳಿದ್ದಕ್ಕೆ ವಿರೂಪಣ್ಣ ಓಲಗದ ಸದ್ದಿನ ನಡುವೆ ಕೂಗಿದ:

"ತಗೋಳೋ, ಯಾರ ಬ್ಯಾಡಂದಾರ? ಆಮ್ಯಾಲೆ ಕಂಪ್ಯೂಟರಿಗೆ ಹಾಕಿ ನಮ್ಮ ಪದ್ಧತಿ ಪ್ರಕಾರ ಬೆಳ್ಳಗ ಮಾಡಿ ಪ್ರಿಂಟ್ ಹೊಡಿ."

ವಿರೂಪಣ್ಣನ ಪದ್ಧತಿ ತಾಲೂಕಿಗೆಲ್ಲ ಗೊತ್ತಿದ್ದದ್ದು. ಅವನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಇತ್ತು. ಹತ್ತಿ ಬಿಡಿಸಿ ಬಂದವರನ್ನು ಅದು ಬಿಡಿಸಿದ ಹತ್ತಿಯಷ್ಟೇ ಬೆಳ್ಳಗೆ ಮಾಡಿ ಕಳಿಸುತ್ತಿತ್ತು. ಇದರ ಬಗ್ಗೆ ರೇವಣಸಿದ್ದನಿಗೆ ಒಳಗೊಳಗೇ ತಕರಾರಿತ್ತು. ಊಟದ ಹೊತ್ತಿನಲ್ಲಿ ಅವನು ಮೊಬೈಲಿನಲ್ಲಿ ನೋಡುತ್ತಿದ್ದ ಪಾಠಗಳ ಮೇಷ್ಟ್ರು, ಚಂದ ಅನ್ನುವುದು ಬಣ್ಣದಲ್ಲಿಲ್ಲ ಬೆಳಕಿನಲ್ಲಿದೆ, ಬೆಳಕು ಮೆತ್ತಗಿರಬೇಕು, ಚರ್ಮ ಚರ್ಮದ ಹಾಗೇ ಕಾಣಬೇಕು, ಕಣ್ಣಿನ ಕಪ್ಪಿನೊಳಗೆ ಬೆಳಕಿನ ಒಂದು ಚುಕ್ಕಿ ಬಿದ್ದರೆ ಮುಖಕ್ಕೆ ಜೀವ ಬರುತ್ತದೆ ಎಂದು ಹೇಳಿಕೊಟ್ಟಿದ್ದರು. ಇಪ್ಪತ್ತು ವರ್ಷ ಬಿಸಿಲಲ್ಲಿ ಕುರಿಯ ಹಿಂದೆ ಅಲೆದ ರೇವಣಸಿದ್ದನ ಮೈಬಣ್ಣ, ಮಳೆ ಬಿದ್ದ ಮರುದಿನದ ಎರೆಹೊಲದ ಕಪ್ಪು. ಆ ಮುಖದ ಮೇಲೇ ಇವತ್ತು ವಿದ್ಯೆ ತೋರಿಸುತ್ತೇನೆ ಎಂದು ನಿರ್ಧರಿಸಿದ.

ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿದ. ಗುಂಡಿ ಒತ್ತಿ ಹತ್ತು ಎಣಿಸುವುದರೊಳಗೆ ಓಡಿಹೋಗಿ ಸ್ಟೂಲಿನ ಮೇಲೆ ಕೂರಬೇಕು. ಮೊದಲ ಫೋಟೋದಲ್ಲಿ ಸ್ಟೂಲು ಮಾತ್ರ ಬಂತು. ಎರಡನೆಯದರಲ್ಲಿ ಅವನ ಬೆನ್ನು. ಮೂರನೆಯದರಲ್ಲಿ ಅವನು ಸರಿಯಾದ ಹೊತ್ತಿಗೆ ಕೂತಿದ್ದ, ಆದರೆ ಸ್ಟೂಲು ಕೂತಿರಲಿಲ್ಲ. ದಡಾರನೆ ಸದ್ದಾಯಿತು.

ಪಕ್ಕದ ಅಂಗಡಿಯ ಹೊಲಿಗೆಯ ಜೈಬುನ್ನೀಸಾ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಓಡಿ ಬಂದಳು. "ಯಾ ಅಲ್ಲಾ! ಏನ ಬಿತ್ತೋ?"

"ನಾನ ಬಿದ್ದೀನಿ ಚಾಚಿ."

"ನೀ ಬಿದ್ರ ಬೀಳು. ಕ್ಯಾಮೆರಾ ಛಲೋ ಅದ ಇಲ್ಲೋ?"

ವಿಷಯ ತಿಳಿದ ಮೇಲೆ ಜೈಬುನ್ನೀಸಾ ಒಬ್ಬಳಿಗೇ ಅದನ್ನು ಇಟ್ಟುಕೊಳ್ಳಲು ಆಗಲಿಲ್ಲ. ಹತ್ತು ನಿಮಿಷದಲ್ಲಿ ಎದುರಿನ ಕಟಿಂಗ್ ಅಂಗಡಿಯ ಅಲ್ಲಾಉದ್ದೀನ್, ಮೂಲೆಯ ಚಹಾದ ಬೂದೆಮ್ಮ ಇಬ್ಬರೂ ಒಳಗೆ ಬಂದಿದ್ದರು. ರೇವಣಸಿದ್ದ ಸಂತೆಯಲ್ಲಿ ಕಟ್ಟಿದ ಟಗರಿನಂತೆ ನಡುವೆ ನಿಂತ. ಮೂವರೂ ಸುತ್ತು ಹಾಕಿ ನೋಡಿದರು.

"ಮಾರಿ ಒಣಗಿ ನಿಂತದ" ಎಂದ ಅಲ್ಲಾಉದ್ದೀನ್, "ಮೊದಲ ಮಾಲೀಶ್ ಆಗಬೇಕು."

ಬೇಡ ಬೇಡವೆನ್ನುವುದರೊಳಗೆ ಬೊಗಸೆ ಎಣ್ಣೆ ಮುಖದ ಮೇಲಿತ್ತು. ಅಲ್ಲಾಉದ್ದೀನನ ಕೈ ಗಟ್ಟಿ. ರೇವಣಸಿದ್ದನ ಕೆನ್ನೆಗಳು ಜಾಗ ಬದಲಿಸಿ ಮತ್ತೆ ಬಂದವು. ಆಮೇಲೆ ತೆಗೆದ ಫೋಟೋದಲ್ಲಿ ದೀಪದ ಬೆಳಕೆಲ್ಲ ಹಣೆಗೆ ಬಡಿದು, ಬೆಳಗಿಟ್ಟ ತಾಮ್ರದ ಕೊಡದ ಮೇಲೆ ಯಾರೋ ಮೀಸೆ ಬರೆದಂತೆ ಕಂಡಿತು.

"ಅರೆ, ಇದಕ್ಕ ಪೌಡರ್ ಬೇಕು" ಎಂದು ಜೈಬುನ್ನೀಸಾ ಡಬ್ಬಿ ತಂದಳು. ಎಣ್ಣೆಯ ಮೇಲೆ ಪೌಡರು ಕೂತು ಹಿಟ್ಟಾಯಿತು. ಮುಂದಿನ ಫೋಟೋದಲ್ಲಿ ಅವನು ಗಿರಣಿಯಿಂದ ನೇರವಾಗಿ ಬಂದಿದ್ದ.

ಬೂದೆಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. "ಸರೀರಿ ಅತ್ತಾಗ. ಲಗ್ನದ ಹುಡುಗನ್ನ ಜ್ವಾಳದ ರೊಟ್ಟಿ ಮಾಡಿಟ್ಟೀರಿ." ಚಹಾಕ್ಕೆ ಕಾಯಿಸಿಟ್ಟ ಬಿಸಿನೀರು ತಂದು, ಕೂಸಿಗೆ ತೊಳೆಯುವಂತೆ ಗದ್ದ ಹಿಡಿದು ಮುಖ ತೊಳೆದಳು. "ಯವ್ವಾ, ಸುಡ್ತದ!" ಎಂದ ರೇವಣಸಿದ್ದ. "ಸುಡ್ಲಿ. ಲಗ್ನ ಆದಮ್ಯಾಲೆ ಇದಕ್ಕಿಂತ ಜಾಸ್ತಿ ಸುಡ್ತದ" ಎಂದಳು ಬೂದೆಮ್ಮ.

ಮುಖ ಮೊದಲಿನಂತಾಗುವ ಹೊತ್ತಿಗೆ ಗಂಟೆ ಎರಡಾಗಿತ್ತು. ಆಗ ಕರೆಂಟು ಹೋಯಿತು.

ರೇವಣಸಿದ್ದ ತಲೆಯ ಮೇಲೆ ಕೈಹೊತ್ತು ಕೂತ. ದೀಪವಿಲ್ಲದೆ ಫೋಟೋ ಇಲ್ಲ, ಕರೆಂಟಿಲ್ಲದೆ ಪ್ರಿಂಟಿಲ್ಲ, ನಾಲ್ಕಕ್ಕೆ ಹೊರಡುವ ಬಸ್ಸು ಯಾರಿಗೂ ಕಾಯುವುದಿಲ್ಲ. ಶಕ್ತಿನಗರದ ಹುಡುಗ ಎಂಥವನೋ ಗೊತ್ತಿಲ್ಲ. ಆದರೆ ಕರೆಂಟು ತಯಾರಾಗುವುದು ಅವನ ಊರಲ್ಲೇ ಎಂಬುದನ್ನು ನೆನೆದು ಅವನಿಗೆ ಇನ್ನಷ್ಟು ಸಂಕಟವಾಯಿತು.

ಕತ್ತಲೆಯಲ್ಲಿ ಕೂತವನಿಗೆ ಬಾಗಿಲು ಕಂಡಿತು. ಬಾಗಿಲ ಹೊರಗೆ ದೇವದುರ್ಗದ ಬಿಸಿಲು ಯಾರಿಗೂ ಬೇಡವಾಗಿ ಬಿದ್ದಿತ್ತು.

"ಚಾಚಿ, ಬಿಳೇ ಲೈನಿಂಗ್ ಬಟ್ಟಿ ಅದ ಏನು? ಬೂದೆಮ್ಮವ್ವ, ನಿನ್ನ ಪರಾತ ತಾ!"

ಬಾಗಿಲಿಗೆ ಅಡ್ಡಲಾಗಿ ರವಿಕೆಯ ಲೈನಿಂಗ್ ಬಟ್ಟೆ ಕಟ್ಟಿದರು. ಅದರಿಂದ ಸೋಸಿ ಬಂದ ಬಿಸಿಲು ಮಜ್ಜಿಗೆಯಂತೆ ತಣ್ಣಗೆ, ಮೆತ್ತಗೆ ಸ್ಟೂಲಿನ ಮೇಲೆ ಹರಡಿತು. ಬಜಿಯ ಹಿಟ್ಟು ಕಲಸುವ ಅಗಲ ಸ್ಟೀಲ್ ಪರಾತವನ್ನು ಹೊಳೆಯುವಂತೆ ತಿಕ್ಕಿ ತೊಳೆದು, ಬೆಳಕು ಮುಖಕ್ಕೆ ತಿರುಗಿ ಬೀಳುವಂತೆ ನೆಲದ ಮೇಲೆ ಕೂತು ರೇವಣಸಿದ್ದನ ಗದ್ದದ ಕೆಳಗೆ ಹಿಡಿಯುವ ಕೆಲಸ ಅಲ್ಲಾಉದ್ದೀನನಿಗೆ ಬಂತು. ಬಟ್ಟೆ ಜಾರದಂತೆ ಹಿಡಿಯುವುದು ಜೈಬುನ್ನೀಸಾಳಿಗೆ. ಗುಂಡಿ ಒತ್ತುವುದು ಬೂದೆಮ್ಮನಿಗೆ. ರೇವಣಸಿದ್ದ ಎಲ್ಲ ಅಳತೆ ನೋಡಿ, ಕೋನ ತಿದ್ದಿ, ಬೂದೆಮ್ಮನ ಬೆರಳನ್ನು ಗುಂಡಿಯ ಮೇಲಿಟ್ಟು, ಹೋಗಿ ಕೂತ.

"ಈಗ ನಗು" ಎಂದಳು ಜೈಬುನ್ನೀಸಾ.

ನಕ್ಕ.

"ಬ್ಯಾಡ, ಬಾಯಿ ಮುಚ್ಚು" ಎಂದಳು ಬೂದೆಮ್ಮ.

"ಮಾವನ ಮನಿ ಎತ್ತು ನೋಡಿದಂಗ ನೋಡು, ಗತ್ತಿನಾಗ" ಎಂದ ನೆಲದ ಮೇಲಿನ ಅಲ್ಲಾಉದ್ದೀನ್.

ಮೂವರ ಮಾತನ್ನೂ ಒಟ್ಟಿಗೆ ಪಾಲಿಸಲು ಹೋಗಿ ಅವನ ಮುಖ ಹಲ್ಲುನೋವಿನವನದಾಯಿತು. ಅಷ್ಟರಲ್ಲಿ ಹೊರಗೆ ಗಂಟೆಯ ಸದ್ದು ಕೇಳಿಸಿತು. ಯಾರದೋ ಕುರಿಹಿಂಡು ಓಣಿಯಲ್ಲಿ ಹಾದುಹೋಗುತ್ತಿತ್ತು. ರೇವಣಸಿದ್ದನ ಕಿವಿ ಅತ್ತ ಹೋಯಿತು. ಹಿಂದೆ ಬಿದ್ದ ಒಂದು ಮರಿ ಕೂಗಿತು, ಮುಂದಿನಿಂದ ತಾಯಿ ಉತ್ತರ ಕೊಟ್ಟಿತು. ಅವನ ಹುಬ್ಬು ಸಡಿಲಾಯಿತು, ತುಟಿ ತಾನಾಗಿ ಅರ್ಧ ನಕ್ಕಿತು. ಎದುರಿಗಿದ್ದವರನ್ನೆಲ್ಲ ಮರೆತು ಅವನು ತಲೆಯೆತ್ತಿದ.

ಬೂದೆಮ್ಮನಿಗೆ ಆ ಹೊತ್ತಿಗೆ ಸೀನು ಬಂತು. ಬೆರಳು ಒತ್ತಿತು.

ಕ್ಯಾಮೆರಾದ ಹಿಂಬದಿಯಲ್ಲಿ ಬಂದ ಚಿತ್ರವನ್ನು ನಾಲ್ಕು ತಲೆಗಳು ಬಗ್ಗಿ ನೋಡಿದವು. ಮುಖದ ಒಂದು ಬದಿ ಬೆಳಕು, ಇನ್ನೊಂದು ಬದಿ ಬೆಳಕಿನ ನೆನಪು. ಎರೆಮಣ್ಣಿನ ಬಣ್ಣ ಎರೆಮಣ್ಣಿನ ಹಾಗೇ ಹದವಾಗಿ, ನುಣುಪಾಗಿ ಇತ್ತು. ಕಣ್ಣಿನ ಕಪ್ಪಿನೊಳಗೆ, ಬೂದೆಮ್ಮನ ಪರಾತದ ಕೃಪೆಯಿಂದ, ಒಂದೊಂದು ಚುಕ್ಕಿ ಬೆಳಗುತ್ತಿತ್ತು.

"ನೀನ ಏನೋ ಇಂವ?" ಎಂದ ಅಲ್ಲಾಉದ್ದೀನ್ ಮೆಲ್ಲಗೆ.

ಮೂರೂ ಇಪ್ಪತ್ತೈದಕ್ಕೆ ಕರೆಂಟು ಬಂತು. ಚಿತ್ರ ಕಂಪ್ಯೂಟರಿನ ಮೇಲೆ ದೊಡ್ಡದಾಗಿ ಬಂದಾಗ ಜೈಬುನ್ನೀಸಾ ಪರದೆಗೆ ಬೆರಳು ತೋರಿಸಿದಳು. "ಬೇಟಾ, ಎಲ್ಲಾ ಛಲೋ ಅದ. ಈಗ ನಿಮ್ಮ ಸೇಠನ ಗುಂಡಿ ಒಂದೀಟು ಒತ್ತು. ಸ್ವಲ್ಪ ಬೆಳ್ಳಗ ಆಗ್ಲಿ."

"ಆಗಂಗಿಲ್ಲ ಚಾಚಿ."

"ಯಾಕ ಆಗಂಗಿಲ್ಲ? ಊರ ಮಂದಿಗೆಲ್ಲಾ ಹಚ್ಚತೀರಿ. ನಿನಗ್ಯಾಕ ಬ್ಯಾಡ?"

"ಹುಡುಗಿ ಮನಿಗೆ ಸುಳ್ಳ ಮಾರಿ ಕಳಸಬೇಕೇನು? ನಾಳಿ ನೋಡಾಕ ಹೋದಾಗ ಫೋಟೋದಾಂವ ಎಲ್ಲಿ ಅಂತ ಕೇಳಿದ್ರ ಏನು ಹೇಳ್ಲಿ? ನಾ ಹೆಂಗ ಅದೀನಿ, ಹಂಗ ಹೋಗ್ಬೇಕು" ಎಂದ ರೇವಣಸಿದ್ದ. ಹೇಳುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು. ಮೊಬೈಲಿನ ಮೇಷ್ಟ್ರು ಕೇಳಿದ್ದರೆ ಕಣ್ಣೀರು ಹಾಕುತ್ತಿದ್ದರು.

"ಹುಡುಗ ಖರೇ ಮಾತಾಡ್ತಾನ" ಎಂದಳು ಬೂದೆಮ್ಮ. ಗುಂಡಿ ಒತ್ತಿದವಳು ತಾನಾದ್ದರಿಂದ ಆ ಫೋಟೋದ ಒಂದು ಕೂದಲು ಬದಲಾಗುವುದೂ ಅವಳಿಗೆ ಬೇಕಿರಲಿಲ್ಲ.

ಪ್ರಿಂಟು ಬಂತು. ರೂಢಿಯಂತೆ ಹಿಂಬದಿಗೆ ಸ್ಟುಡಿಯೋದ ಹೆಸರಿನ ಶಿಕ್ಕಾ ಒತ್ತಿ, ಲಕೋಟೆಗೆ ಹಾಕಿ ಹೊರಟಾಗ ಮೂರೂ ಐವತ್ತೆಂಟು. ರೇವಣಸಿದ್ದ ಮುಂದೆ, ಹಿಂದೆ ಮೂವರು. ಹೊರಟೇಬಿಟ್ಟಿದ್ದ ಜಾಲಹಳ್ಳಿ ಬಸ್ಸಿಗೆ ಬೂದೆಮ್ಮ ಅಡ್ಡ ನಿಂತಳು. ಡ್ರೈವರು ಬೈದ. ಬೂದೆಮ್ಮ ಅವನಿಗಿಂತ ಎರಡು ತಲೆಮಾರು ಹಿಂದಕ್ಕೆ ಹೋಗಿ ಬೈದಳು. ಆ ಸಂದಿನಲ್ಲಿ ಲಕೋಟೆ ಕಂಡಕ್ಟರನ ಕೈ ಸೇರಿತು.

ಏಳು ಗಂಟೆಗೆ ಸೂಗಪ್ಪನ ಫೋನು ಬಂತು. ಅಂಗಡಿ ಮುಚ್ಚಬೇಕಾಗಿದ್ದ ಮೂವರೂ ಮುಚ್ಚದೆ ಸ್ಟುಡಿಯೋದಲ್ಲೇ ಕೂತಿದ್ದರು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಬೇಕಾಯಿತು.

"ಮುಟ್ಟಿತೇನ್ರೀ ಸೂಗಪ್ಪಣ್ಣ?"

"ಮುಟ್ಟಿತು. ಮುದುಕಿ ಅಂಗಳಕ್ಕ ಒಯ್ದು, ಬಿಸಲು ಇಳಿಯೋದ್ರಾಗ ನೋಡಿದ್ಲು. ಮೂಗು ಮಾರಿ ಛಲೋ ಅದ ಅಂದ್ಲು. ಕಣ್ಣಾಗ ಜೀವ ಅದ ಅಂದ್ಲು."

ಅಲ್ಲಾಉದ್ದೀನ್ ರೇವಣಸಿದ್ದನ ಬೆನ್ನಿಗೆ ಗುದ್ದಿದ. ಮಾಲೀಶಿನ ಕೈಯೇ ಅದು.

"ಆಮ್ಯಾಲೆ ಹಿಂದ ತಿರುವಿದ್ಲು" ಎಂದ ಸೂಗಪ್ಪ. "ಮೊಮ್ಮಗಳ ಕೈಲಿ ಶಿಕ್ಕಾ ಓದಿಸಿದ್ಲು. ವಿರೂಪಣ್ಣನ ಸ್ಟುಡಿಯೋ ಅಂತ ತಿಳೀತು. ತಿಳಿದ ಕೂಡಲೇ ಬಣ್ಣ ಇಳಿಸಾಕ ಕುಂತ್ಲು."

"ಅಂದ್ರ?"

"ಅಂದ್ರೇನು, ನಿನಗ ಗೊತ್ತಿಲ್ಲೇನು? ನಿಮ್ಮ ಸ್ಟುಡಿಯೋದ ಫೋಟೋ ಹತ್ತು ವರ್ಷದಿಂದ ನಮ್ಮೂರಿಗೆ ಬರಾಕತ್ತಾವ. ಫೋಟೋದಾಗ ಹಾಲಿನಂಗ ಇದ್ದಾಂವ ಮನಿಗೆ ಬರೋದ್ರಾಗ ಚಾ ಆಗಿರ್ತಾನ. ಅದಕ್ಕ ಹಿರ್ಯಾರು ಒಂದು ಅಂದಾಜು ಇಟ್ಕೊಂಡಾರ. ಹತ್ತಿ ತೂಗೋವಾಗ ಚೀಲದ ತೂಕ ತಗದು ನೋಡಂಗಿಲ್ಲೇನು? ಹಂಗ. ವಿರೂಪಣ್ಣನ ಫೋಟೋ ಅಂದ್ರ ಮೂರು ಪಾಲು ಬಿಳುಪು ತಗದು ನೋಡಾದು."

ಮೂವರೂ ವಿರೂಪಣ್ಣನ ಕಂಪ್ಯೂಟರಿನತ್ತ ತಿರುಗಿ ನೋಡಿದರು.

"ನಿನ್ನ ಫೋಟೋದಾಗ ಮೂರು ಪಾಲು ತಗದ್ರ ಏನು ಉಳೀತದೋ ತಮ್ಮಾ? ‘ಅಷ್ಟೆಲ್ಲಾ ಹಚ್ಚಿದ ಮ್ಯಾಲೆ ಇಷ್ಟು ಅಂದ್ರ, ಹಚ್ಚದಿದ್ರ ಹುಡುಗನ್ನ ಹುಡುಕಾದು ಹೆಂಗ’ ಅಂದ್ಲು ಮುದುಕಿ. ಬ್ಯಾಡ ಅಂದ್ಲು."

"ನಾ ಏನೂ ಹಚ್ಚಿಲ್ಲರೀ! ಇರೋ ಬಣ್ಣನ ಅದು!" ಎಂದ ರೇವಣಸಿದ್ದ ಫೋನಿನತ್ತ ಬಗ್ಗಿ.

"ನಾನೂ ಅದನ್ನ ಹೇಳಿದೆ. ‘ಆ ಸ್ಟುಡಿಯೋದಿಂದ ಬರೋರು ಎಲ್ಲರೂ ಹಂಗ ಅಂತಾರ’ ಅಂದ್ಲು."

ಬೂದೆಮ್ಮನಿಗೆ ತಡೆಯಲಾಗಲಿಲ್ಲ. ಫೋನಿಗೆ ಬಾಯಿ ಹಚ್ಚಿ ಕೂಗಿದಳು: "ಆ ಮುದುಕಿ ಏನು ಬೆಳ್ಳಗ ಅದಾಳೇನು?"

"ಇಲ್ಲವಾ, ಅಕಿ ಇವನಕಿಂತ ಒಂದು ಕೈ ಮುಂದನ ಅದಾಳ. ಆದ್ರ ಅಕಿ ಫೋಟೋ ಯಾರು ಕೇಳ್ಯಾರ?"

ಜೈಬುನ್ನೀಸಾ ‘ನಾ ಹೇಳಿದ್ದೆ’ ಎನ್ನಲು ಬಾಯಿ ತೆರೆದು, ಹುಡುಗನ ಮುಖ ನೋಡಿ ಮುಚ್ಚಿಕೊಂಡಳು.

"ಆ ಫೋಟೋನಾದ್ರೂ ತಿರುಗಿ ಕಳಸಾಕ ಹೇಳ್ರಿ" ಎಂದ ರೇವಣಸಿದ್ದ ಸೋತು.

"ಕೊಡವಲ್ಲಳು. ಇಟ್ಕೊಂಡಾಳ."

ರೇವಣಸಿದ್ದ ಸ್ಟೂಲಿನಿಂದ ಎದ್ದ. "ಇಟ್ಕೊಂಡಾಳ? ಯಾಕ್ರೀ?"

"ಅದನ್ನ ಹೇಳಾಕನ ಫೋನ್ ಹಚ್ಚೀನಿ. ಇದನ್ನ ತಗದಾಂವ ಯಾರು ಅಂತ ಕೇಳಿದ್ಲು. ಹುಡುಗ ತಾನ ತಗೊಂಡಾನ ಅಂದೆ."

"ಗುಂಡಿ ಒತ್ತಿದಾಕಿ ನಾನು!" ಎಂದಳು ಬೂದೆಮ್ಮ.

"ಯಾರರೆ ಒತ್ತಿರಲಿ. ‘ಅಂಥಾ ಹುಡುಗನ್ನ ಇಷ್ಟು ಚಂದ ತಗದಾನಂದ್ರ, ನಮ್ಮ ಉಮಾನ್ನ ಎಷ್ಟು ಚಂದ ತಗೀಬ್ಯಾಡ’ ಅಂದ್ಲು ಮುದುಕಿ. ಶಕ್ತಿನಗರದವರು ಹುಡುಗಿ ಫೋಟೋ ಕೇಳ್ಯಾರ. ನಾಳಿ ಹತ್ತಕ್ಕ ಕರಕೊಂಡು ಬರ್ತಾರ, ನೀನ ತಗೀಬೇಕಂತ. ನಿನ್ನ ಫೋಟೋ ಜೋಡೀನ ತರ್ತಾರ, ಹಿಂಗ ಬರಬೇಕು ಅಂತ ತೋರ್ಸಾಕ."

ರೇವಣಸಿದ್ದ ಮತ್ತೆ ಸ್ಟೂಲಿನ ಮೇಲೆ ಕೂತ. ಆ ಕಡೆಯಿಂದ ಸೂಗಪ್ಪ ಧ್ವನಿ ತಗ್ಗಿಸಿ ಸೇರಿಸಿದ:

"ಮತ್ತ ನೋಡು ತಮ್ಮಾ, ಶಕ್ತಿನಗರದವರು ಎಷ್ಟು ಪಾಲು ತಗದು ನೋಡ್ತಾರೋ ನಮಗ ಗೊತ್ತಿಲ್ಲ. ಅಕೀಗೆ ಒಂದು ಪಾಲು ಜಾಸ್ತಿನ ಹಚ್ಚು."