ನೈಲಾನ್‌ಗೆ ತಿರುಗಿಸು ಅಂದವರ ಕತೆ

ಸಿಂಥಸೈಜರ್ ನುಡಿಸುವವನಿಗೆ ಊರೆಲ್ಲ ಯಜಮಾನರು. ತಮಟೆಯವನಿಗೆ ಬುದ್ಧಿ ಹೇಳಲು ಯಾರಿಗೂ ಧೈರ್ಯವಿಲ್ಲ. ನನ್ನ ಪೆಟ್ಟಿಗೆಯ ಮೇಲೆ ಗುಂಡಿಗಳು ಕಾಣುತ್ತವಲ್ಲ, ಕಂಡವರೆಲ್ಲ ಬಂದು "ಸ್ವಲ್ಪ ಮೆತ್ತಗೆ ಮಾಡಪ್ಪ" ಎನ್ನುತ್ತಾರೆ. ಮದುವೆಯಲ್ಲೂ ಅಂದರು, ಧರಣಿಯಲ್ಲೂ ಅಂದರು. ನಾನು ಯಾವ ಗುರುವಿನ ಮುಂದೆ ಕೂತು ಕಲಿತವನೂ ಅಲ್ಲ, ಯಾರಿಗೋ ಹೆದರಿ ಮೆತ್ತಗಾದವನೂ ಅಲ್ಲ. ಹಾಗೆ ಹೇಳಿದವರಿಗೆ ಏನೇನಾಯಿತು ಅನ್ನುವುದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಧರಣಿ ಯಾತಕ್ಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರು ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿದೆ. ಬೆಳಿಗ್ಗೆಯ ಖಾಸಗಿ ಬಸ್ಸು ನಮ್ಮ ಗೇಟಿನಲ್ಲಿ, ಅಂದರೆ ಊರೊಳಗೆ ತಿರುಗುವ ಕಡೆ, ನಿಲ್ಲುತ್ತಿರಲಿಲ್ಲ. ನನ್ನ ಅಕ್ಕ, ಅವಳ ಜೊತೆಗೆ ಊರಿನ ಹತ್ತಿಪ್ಪತ್ತು ಹೆಂಗಸರು ಸೋಮನಹಳ್ಳಿಯ ಸಣ್ಣ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರು. ನಿಲ್ಲದ ಬಸ್ಸಿನ ಹಿಂದೆ ಊಟದ ಚೀಲ ಹಿಡಿದು ಓಡುವುದೇ ಅವರ ದಿನದ ಮೊದಲ ಕೆಲಸ. ತಡವಾದರೆ ಕಾರ್ಖಾನೆ ಬಾಗಿಲು ಹಾಕಿರುತ್ತದೆ. ನಮ್ಮ ಬೇಡಿಕೆ ಒಂದೇ. ಬಸ್ಸು ನಿಲ್ಲಬೇಕು.

ಗುಂಡಿ

ಮಂಡ್ಯದಲ್ಲಿ ಒಂದು ಆರ್ಕೆಸ್ಟ್ರಾ ಜಗಳವಾಡಿಕೊಂಡು ಒಡೆದುಹೋದಾಗ ಅವರ ಹಳೆಯ ಸಿಂಥಸೈಜರ್ ನನ್ನ ಕೈಗೆ ಬಂತು. ಎಲ್ಲ ಸರಿಯಿತ್ತು, ಫಿಲ್ಟರಿನ ಗುಂಡಿ ಮಾತ್ರ ಇರಲಿಲ್ಲ. ಬರೀ ಕಡ್ಡಿ. ಫಿಲ್ಟರ್ ಅಂದರೆ ಟೀ ಸೋಸುವ ಜಾಲರಿ ಇದ್ದ ಹಾಗೆ. ಎಡಕ್ಕೆ ತಿರುಗಿಸಿದರೆ ಸದ್ದಿನ ಚೂಪೆಲ್ಲ ಜಾಲರಿಯಲ್ಲೇ ಉಳಿದು ದಪ್ಪ ಸದ್ದು ಮಾತ್ರ ಇಳಿಯುತ್ತದೆ. ಪೂರ್ತಿ ಬಲಕ್ಕೆ ತಿರುಗಿಸಿದರೆ ಸೋಸುವುದೇ ಇಲ್ಲ, ಕೊಕ್ಕರೆ ಬೆಳ್ಳೂರಿನ ಹುಣಸೆ ಮರದಲ್ಲಿ ಮರಿಗಳೆಲ್ಲ ಒಟ್ಟಿಗೆ ಬಾಯಿ ತೆರೆದ ಹಾಗೆ. ನಾನು ಆ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದೆ.

ಮದ್ದೂರಿನಲ್ಲಿ ಮಿಕ್ಸಿ ರಿಪೇರಿ ಮಾಡುವ ಭಾಯ್ ಒಬ್ಬರಿದ್ದಾರೆ. ಅವರ ಮುಂದೆ ಇಟ್ಟೆ.

"ಇದ್ಕೆ ಕಂಪನಿ ಗುಂಡಿ ಸಿಗಾಕಿಲ್ಲ ಕಣಣ್ಣ, ಇರು" ಅಂದು ಗುಜರಿ ಡಬ್ಬಕ್ಕೆ ಕೈ ಹಾಕಿ ಒಂದು ಗುಂಡಿ ತೆಗೆದು ಒತ್ತಿದರು. ಟಕ್ಕನೆ ಕೂತಿತು. ನೋಡಿದರೆ ಅದರ ಮೇಲೆ ಎಡದಿಂದ ಬಲಕ್ಕೆ ಬರೆದಿದೆ: ನೈಲಾನ್, ರೇಷ್ಮೆ, ಉಣ್ಣೆ, ಹತ್ತಿ.

"ಭಾಯ್, ಇದು ಇಸ್ತ್ರಿ ಪೆಟ್ಗೇದು!"

"ಗೊತ್ತು ಬುಡಣ್ಣ. ನೀನೂ ಬೇಗ ಬಿಸಿಯಾಗೋ ಗಿರಾಕಿ. ಜೋಡಿ ಸರ್ಯಾಗದೆ."

ಪಂಚೆ

ಮಂಡ್ಯದಲ್ಲಿ ಒಂದು ಆರತಕ್ಷತೆ. ನನ್ನನ್ನು ಕರೆಸಿದವನು ಶುರುವಿಗೆ ಮೊದಲೇ ಬಂದು, "ಮೆತ್ತಗಿರಲಿ, ದೊಡ್ಡ ಮನುಷ್ಯರು ಬರ್ತಾರೆ" ಅಂದ. ದೊಡ್ಡ ಮನುಷ್ಯರ ಕಿವಿಗೆ ಮಾತ್ರ ಯಾಕೆ ಇಷ್ಟು ಆರೈಕೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊಟ್ಟೆಪಾಡು. ಬೈದುಕೊಂಡು ರೇಷ್ಮೆಗೆ ತಿರುಗಿಸಿದೆ.

ಸಿಂಥಸೈಜರಿಗೆ ಸ್ಟ್ಯಾಂಡ್ ಇರಲಿಲ್ಲ. ಒಂದು ಮೇಜಿನ ಮೇಲೆ ಕಂಬಳಿ ಹಾಸಿ ಇಟ್ಟಿದ್ದೆ. ಹುಡುಗಿಯ ಸೋದರಮಾವ ಹತ್ತಿರ ಬಂದರು. ಕನ್ನಡಕ ಏರಿಸಿ ಕಂಬಳಿ ನೋಡಿದರು, ಬಗ್ಗಿ ಗುಂಡಿ ಓದಿದರು, ಹೋದರು. ಐದು ನಿಮಿಷಕ್ಕೆ ಮಡಿಸಿದ ಪಂಚೆಯೊಂದನ್ನು ತಂದು, ನಾನು ಬೆರಳಾಡಿಸುವ ಕರಿ-ಬಿಳಿ ಮನೆಗಳ ಮೇಲೇ ಇಟ್ಟರು.

"ಎಂಗೂ ರೇಸ್ಮೆಗೇ ಇಟ್ಟಿದ್ದೀಯಲ್ಲ, ಇದೊಂದ್ ಇಸ್ತ್ರಿ ಎಳ್ದ್ ಕೊಟ್ಬುಡ್ಲಾ. ಫೋಟೋಕ್ ನಿಲ್ಬೇಕು."

"ಯಜಮಾನ್ರೇ, ಇದು ವಾದ್ಯ!"

"ಸುಳ್ ಯೋಳ್ಬ್ಯಾಡ. ಅರ್ಧ ಗಂಟೆಯಿಂದ ಇಲ್ಲೇ ಕುಂತಿವ್ನಿ, ಒಂದ್ ಆಡೂ ಕೇಳಿಸ್ನಿಲ್ಲ."

ಬ್ಲಫ್

ಬ್ಲಫ್ ಅನ್ನುವ ಊರಿನ ವಿದ್ಯುತ್ ಸ್ಥಾವರದ ಸಿಬ್ಬಂದಿ ವಸತಿಯಲ್ಲಿ ಒಂದು ಕಾರ್ಯಕ್ರಮ. ಅಲ್ಲೂ ಅದೇ ಮಾತು, ಮೆತ್ತಗೆ. ಆ ದಿನ ನನಗೆ ರೇಗಿತು. ತಗೊಳ್ಳಿ ಅಂದುಕೊಂಡು ಪೂರ್ತಿ ಎಡಕ್ಕೆ, ನೈಲಾನ್‌ಗೆ ತಿರುಗಿಸಿ, ಎಲ್ಲಕ್ಕಿಂತ ಕೆಳಗಿನ ಸ್ವರದ ಮನೆಯ ಮೇಲೆ ಬೆರಳೊತ್ತಿ ಹಾಗೇ ಹಿಡಿದುಕೊಂಡೆ. ಸದ್ದು ಅನ್ನುವಂಥದ್ದೇನೂ ಇಲ್ಲ, ಬರೀ ಗುಂಯ್.

ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಸಿಬ್ಬಂದಿ ಮುಖ ಮುಖ ನೋಡಿಕೊಂಡರು. ಒಬ್ಬರು ಚಪ್ಪಲಿ ಕಳಚಿ ನೆಲಕ್ಕೆ ಬರಿಗಾಲು ಊರಿದರು. ಇನ್ನೊಬ್ಬರು ಬಗ್ಗಿ ಅಂಗೈ ಇಟ್ಟರು. ಇಬ್ಬರೂ ಎದ್ದು ಸ್ಥಾವರದ ಕಡೆಗೆ ಓಡಿದರು. ನನ್ನ ಹಾಡು ಸಹಿಸದೆ ಎದ್ದು ಹೋದವರನ್ನು ನೋಡಿದ್ದೇನೆ, ಓಡಿದವರನ್ನು ನೋಡಿದ್ದು ಅದೇ ಮೊದಲು.

ಅರ್ಧ ಗಂಟೆ ಬಿಟ್ಟು ಬೆವರು ಒರೆಸಿಕೊಳ್ಳುತ್ತ ವಾಪಸ್ ಬಂದರು. ಹಿರಿಯರು ನೇರ ವೇದಿಕೆಯ ಹತ್ತಿರ ಬಂದು ಹೇಳಿದರು: "ನಮ್ ಮಿಷಿನ್ನೆಲ್ಲಾ ನೆಟ್ಗವೆ ಕಣ್ಲಾ. ಕೆಟ್ಟಿರೋದು ನಿಂದೇಯ."

ಬೈಸಿಕೊಂಡರೂ ಒಂದು ವಿಷಯ ಕಲಿತೆ. ನೈಲಾನ್ ಮೆತ್ತಗಲ್ಲ. ಅದು ಕಿವಿ ಬಿಟ್ಟು ನೆಲದಿಂದ ಬರುತ್ತದೆ.

ರುಜು

ಬಸ್ಸಿನ ಯಜಮಾನನ ಕಚೇರಿ ಮಳವಳ್ಳಿಯಲ್ಲಿ. ಮೂರು ಸಲ ಅರ್ಜಿ ಕೊಟ್ಟೆವು. ಮೂರು ಸಲವೂ, "ನಿಮ್ ಗೇಟಲ್ ನಿಲ್ಸುದ್ರೆ ಟೈಮ್ ಓಯ್ತದೆ" ಅಂದ. ಅವನ ಟೈಮು ಟೈಮು, ಹೆಂಗಸರ ಟೈಮು ಗಾಳಿಗೆ. ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ರಜೆ ಹಾಕಿ ಅವನ ಕಚೇರಿ ಮುಂದೆ ಕೂತರು. ನಾನು ಗುಂಡಿಯನ್ನು ಹತ್ತಿಗೆ ತಿರುಗಿಸಿ ನುಡಿಸಿದೆ. ಎದುರಿನ ಬೇಕರಿಯವನು ಕಿವಿಗೆ ಬನ್ನು ಒತ್ತಿಕೊಂಡ.

ಪೊಲೀಸಿನವರೊಬ್ಬರು ಬಂದರು. ಮೊದಲು, ರಸ್ತೆಗೆ ಅಡ್ಡವಾಗುತ್ತದೆ ಎಂದು ಸ್ಪೀಕರನ್ನು ಕಚೇರಿಯ ಗೋಡೆಗೆ ಆನಿಸಿ ಇಡಿಸಿದರು. ಆಮೇಲೆ, "ಯಜಮಾನರಿಗೆ ಕಿವಿನೋವಂತೆ, ಆ ಚೂಪು ಸದ್ದು ತೆಗಿ" ಅಂದರು.

"ಎಲ್ಲಿಗೆ ತಿರುಗಿಸಬೇಕು ಅಂತ ಅವರೇ ಬಂದು ಹೇಳಲಿ" ಅಂದೆ.

ಯಜಮಾನ ಬಂದ. ಗುಂಡಿ ಓದಿ ನಕ್ಕ. "ಇದೇನ್ ಧೋಬಿ ಅಂಗ್ಡಿಯಾ? ಎಲ್ಲಕ್ಕಿಂತ ಕಮ್ಮಿ ಯಾವ್ದು? ನೈಲಾನಾ? ಅಲ್ಲಿಗ್ ತಿರುಗ್ಸು, ಅಲ್ಲಿಂದ ಅಲ್ಲಾಡ್ಸುದ್ರೆ ಒಳಕ್ ಆಕ್ಸ್ತೀನಿ."

"ಬರೆದು ಕೊಡಿ."

ಬರೆದ. 'ಸಂಜೆಯವರೆಗೆ ನೈಲಾನ್‌ನಲ್ಲೇ ನುಡಿಸತಕ್ಕದ್ದು.' ಕೆಳಗೆ ರುಜು. ಪೊಲೀಸಿನವರೂ ತಲೆಯಾಡಿಸಿದರು.

ನೈಲಾನ್‌ಗೆ ತಿರುಗಿಸಿದೆ. ಕೆಳಗಿನ ಮನೆಗಳನ್ನು ಒಂದೊಂದಾಗಿ ಒತ್ತುತ್ತ ಹೋದೆ. ನಾಲ್ಕನೆಯದಕ್ಕೆ ಗೋಡೆಯ ಆಚೆ ಏನೋ ಕಟಕಟ ಅಂದಿತು. ಬೆರಳನ್ನು ಅಲ್ಲೇ ನಿಲ್ಲಿಸಿದೆ. ಹೊರಗೆ ಏನೂ ಇಲ್ಲ. ಪೊಲೀಸಿನವರು ಟೀ ಕುಡಿಯುತ್ತಿದ್ದಾರೆ, ಹೆಂಗಸರು ಹರಟುತ್ತಿದ್ದಾರೆ.

ಯಜಮಾನ ಹೊರಗೆ ಹಾರಿ ಬಂದ. "ನಿಲ್ಸ್ಲಾ ಅದ!"

"ಸದ್ದೇ ಇಲ್ವಲ್ಲ ಯಜಮಾನ್ರೇ" ಅಂದರು ಪೊಲೀಸಿನವರು.

"ಒಳಕ್ ಬಂದ್ ನೋಡ್ರೀ!"

ಪೊಲೀಸಿನವರು ಒಳಗೆ ಹೋಗಿ, ಲೋಟದ ಟೀಯನ್ನೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡು ಹೊರಬಂದರು. ಕಿಟಕಿಯ ಗಾಜು ಹಲ್ಲು ಕಡಿಯುತ್ತಿದೆಯಂತೆ. ಮೊಬೈಲು ಮೇಜಿನ ಮೇಲೆ ತಾನೇ ನಡೆದುಕೊಂಡು ಹೋಗಿ ಕೆಳಗೆ ಬಿತ್ತಂತೆ.

"ಅತ್ತಿಗ್ ತಿರುಗ್ಸಪ್ಪಾ, ಕೈ ಮುಗೀತೀನಿ" ಅಂದ ಯಜಮಾನ.

"ಆಗಲ್ಲ, ನಿಮ್ಮದೇ ರುಜು ಇದೆ. ಸಂಜೆಯವರೆಗೆ."

ಅಕ್ಕ ಎದ್ದು ಬಂದಳು. "ಅದೇ ಕಾಗ್ದುದ್ ಇಂದ್ಗಡೆ ಬಸ್ ನಿಲ್ಸ್ತೀನಿ ಅಂತ ಬರ್ದ್ ಕೊಡಿ, ತಿರುಗಿಸ್ತಾನೆ." ನನ್ನ ಬೆರಳು ಮನೆಯ ಮೇಲೇ ಇತ್ತು. ಒಳಗಿನ ಮೇಜು ಅದುರುತ್ತಿದ್ದುದರಿಂದ ಅವನು ಅದೇ ಪೊಲೀಸಿನವರ ಬೆನ್ನಿನ ಮೇಲೆ ಕಾಗದ ಇಟ್ಟು ಬರೆದ.

ಮಾರನೆಯ ದಿನ ಬಸ್ಸು ನಿಂತಿತು. ನಾಲ್ಕು ದಿನ ಬಿಟ್ಟು ಡ್ರೈವರ್ ಹಳೆಯ ಚಾಳಿಗೆ ಇಳಿದ. ಆವತ್ತು ಸಂಜೆ ಅಕ್ಕ ಬಂದು ಸಿಂಥಸೈಜರಿನಿಂದ ಗುಂಡಿ ಕಿತ್ತುಕೊಂಡು ಹೋದಳು. ಈಗ ಅದು ಅವಳ ಊಟದ ಚೀಲದಲ್ಲಿದೆ. ಬಸ್ಸು ಕಂಡ ಕೂಡಲೇ ಎತ್ತಿ ಹಿಡಿಯುತ್ತಾಳೆ, ಬಸ್ಸು ಗೇಟಿಗಿಂತ ಇಪ್ಪತ್ತು ಮಾರು ಮೊದಲೇ ನಿಲ್ಲುತ್ತದೆ.

ನಾನು ಮತ್ತೆ ಇಕ್ಕಳ ಹಿಡಿದಿದ್ದೇನೆ. ಮೊನ್ನೆ ಕೇಳಿದೆ, "ಕೊಡಕ್ಕ, ನಾಳೆ ಮಂಡ್ಯದಾಗ್ ಮದ್ವೆ ಅದೆ."

"ಮದ್ವೇಗ್ ಗುಂಡಿ ಯಾಕ್ಲಾ?" ಅಂದಳು. "ಓಗು, ಯಾರ್ದಾದ್ರೂ ಪಂಚೆಗ್ ಇಸ್ತ್ರಿ ಎಳ್ಕೊಡು."