ರೀಲು ಕ್ಯಾಮೆರಾ ಮತ್ತು ಕಾಂತಾಬಾಯಿ

ಒಂದು ಸಲ ಗುಂಡಿ ಒತ್ತಿದರೆ ನಲವತ್ನಾಲ್ಕು ರೂಪಾಯಿ. ಮೂವತ್ತಾರು ಫೋಟೋದ ರೀಲಿಗೆ ಒಂಬೈನೂರು, ಅದನ್ನು ಹೈದರಾಬಾದಿಗೆ ಕಳಿಸಿ ತೊಳೆಸಿ ಪ್ರಿಂಟು ಹಾಕಿಸಲು ಏಳುನೂರು. ಭಾಲ್ಕಿಯ ದಾಲ್ ಮಿಲ್ಲಿನಲ್ಲಿ ತೂಕ ಬರೆಯುವ ಗೋರಖನಾಥ ಈ ಲೆಕ್ಕ ಹಾಕಿದ ಮೇಲೂ ಹಳೆಯ ಕ್ಯಾಮೆರಾ ಕೊಳ್ಳಲು ಬೀದರಿಗೆ ಹೊರಟ. ಅದಕ್ಕೆ ಐದು ಸಾವಿರದ ಮೇಲೆ ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ.

ಅವನಿಗೆ ಬೇಕಾಗಿದ್ದುದು ಒಂದೇ ಒಂದು ಫೋಟೋ, ಎಕಂಬಾದಲ್ಲಿರುವ ಅವ್ವ ಕಾಂತಾಬಾಯಿಯದು. ಕುರಿ ಕಾಯ್ದು ಮಕ್ಕಳನ್ನು ಓದಿಸಿದ ಆಕೆ ಆಧಾರ್ ಕಾರ್ಡಿನಲ್ಲಿ ಬಿಟ್ಟು ಬೇರೆಲ್ಲೂ ಮುಖ ತೋರಿಸಿದವಳಲ್ಲ. ಅದರಲ್ಲೂ ಪಕ್ಕದ ಹೊಲದ ಜೋಳ ಮುರಿದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ಮೊಬೈಲು ಹಿಡಿದರೆ ಸೆರಗು ಮುಖಕ್ಕೆ ಎಳೆದುಕೊಳ್ಳುವಳು. ಬೆರಳಿನಿಂದ ಒರೆಸಿದರೆ ಹೋಗುವುದು ಅದೆಂಥ ಫೋಟೋ ಎಂಬುದು ಆಕೆಯ ಪ್ರಶ್ನೆ. ಕೊನೆಗೆ ಮಗನ ಕಾಟಕ್ಕೆ ಒಪ್ಪಿದ್ದಳು: ರೀಲಿನ ಕ್ಯಾಮೆರಾ ತಂದರೆ ಕೂಡುತ್ತೇನೆ, ಅದೂ ಒಂದೇ ಸಲ.

ಜೊತೆಗೆ ದಿಲೀಪ ಬಂದ. ಅದೇ ಮಿಲ್ಲಿನ ಗುಮಾಸ್ತ. ಯಾರು ಏನೇ ಕೊಳ್ಳಲು ಹೊರಟರೂ, ಎಮ್ಮೆಯಿರಲಿ ಮಿಕ್ಸರಿರಲಿ, ಕರೆಯದೆ ಬಂದು ಸಲಹೆ ಕೊಡುವುದು ಅವನ ಧರ್ಮ.

ಬೀದರಿನ ಹಳೆಯ ಮದರಸಾದ ಮಿನಾರಿನ ಎದುರು ಓಣಿಯಲ್ಲಿ ಮುನವ್ವರ ಬೇಗಂ ಅವರ ಮನೆ. ಅವರ ಯಜಮಾನರು ಸ್ಟುಡಿಯೋ ಇಟ್ಟಿದ್ದವರು. ಅವರು ತೀರಿಕೊಂಡ ಮೇಲೆ ಬೇಗಂ ಮೂರು ಕ್ಯಾಮೆರಾಗಳನ್ನು ಮಾರಲು ತೆಗೆದಿದ್ದರು. ಮೊದಲನೆಯದು ಮದುಮಗನಂತೆ ಮಿಂಚುತ್ತಿತ್ತು. ಆದರೆ ಗೋರಖನಾಥ ಲೆನ್ಸಿನೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದಾಗ ಉಪ್ಪಿನಕಾಯಿ ಭರಣಿಯಲ್ಲಿದ್ದಂತೆ ಬೂಷ್ಟು ಕಂಡಿತು. ಎರಡನೆಯದರ ಗುಂಡಿ ಒತ್ತಿದರೆ ಸೋಮಾರಿ ಮಗನ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಓಗೊಡುತ್ತಿತ್ತು. ಮೂರನೆಯದರ ಚರ್ಮ ಅಲ್ಲಲ್ಲಿ ಕಿತ್ತುಹೋಗಿತ್ತು. ಒತ್ತಿದರೆ ಮಾತ್ರ ಖಟ್ ಎಂದು ಚೊಕ್ಕ ಸದ್ದು.

"ತೊಗಲ ನೋಡಿ ಸೊಸಿ ತರೋರು ಇಲ್ಲಿಗಿ ಬರಬಾರ್ದ್ರಿ," ಎಂದರು ಬೇಗಂ. "ಇದು ತಗೋರಿ. ಒಳಗ ಸಾಫ್ ಅದ."

ಗೋರಖನಾಥ ಕಣ್ಣಿಟ್ಟು ನೋಡಿದ. ಕಿಟಕಿಯಾಚೆ ಮಿನಾರು ನಡುವೆ ಕತ್ತರಿಸಿದಂತೆ ಎರಡು ತುಂಡಾಗಿ ಕಂಡಿತು. ಲೆನ್ಸಿನ ಉಂಗುರ ತಿರುಗಿಸಿದ. ಮೇಲಿನ ತುಂಡು ನಿಧಾನಕ್ಕೆ ಸರಿದು ಬಂದು ಕೆಳಗಿನದರ ಮೇಲೆ ಕೂತಿತು. ನೀಲಿ ಹಂಚುಗಳು ಒಂದೊಂದಾಗಿ ಎಣಿಸುವಂತೆ ಕಂಡವು. ಮಿಲ್ಲಿನ ಕೆಲಸಕ್ಕೆ ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಓಡಾಡುವ ದಿಲೀಪ ಕೂಡ ನೋಡಿ, ಇದನ್ನು ಯಾವಾಗ ಕಟ್ಟಿದರು ಎಂದು ಕೇಳಿದ.

ಲೆನ್ಸಿನ ಪ್ರಶ್ನೆ ಬಂತು. ಗಿಡ್ಡ ಲೆನ್ಸು ಕ್ಯಾಮೆರಾದ ಜೊತೆಗೇ ಇತ್ತು. ಉದ್ದದ್ದಕ್ಕೆ ಬೇರೆ ಎರಡು ಸಾವಿರ. ಕೋಟೆಯ ತೋಪಿನಷ್ಟು ಉದ್ದವಿದ್ದರೇ ಗತ್ತು ಎಂದು ದಿಲೀಪ ಹಟ ಹಿಡಿದ.

"ತಗೋರಿ, ನಂಗೇನ್ರಿ," ಎಂದರು ಬೇಗಂ. "ಅವ್ವನ್ನ ಮನ್ಯಾಗ ಕೂಡ್ಸಿ, ನೀವು ರಸ್ತೆದಾಗ ನಿಂತು ತೆಗೀಬೇಕಾಗ್ತದ."

ಗಿಡ್ಡದ್ದೇ ಸಾಕಾಯಿತು. ಚೌಕಾಸಿಯಾಗಿ ನಾಲ್ಕು ಸಾವಿರದ ಎಂಟುನೂರಕ್ಕೆ ಇಳಿಯಿತು. ಬೇಗಂ ತಾವೇ ರೀಲು ಹಾಕಿ ಕೊಟ್ಟರು.

ಕಷ್ಟ ಶುರುವಾದದ್ದು ಔರಾದ ಬಸ್ಸಿನಲ್ಲಿ. ನಮ್ಮ ಕಡೆ ಹೊಸ ವಸ್ತು ತಂದವನು ಅದನ್ನು ನಾಲ್ಕು ಜನರ ಕೈಗೆ ಕೊಡಬೇಕು. ಕೊಡದಿದ್ದರೆ ಮನುಷ್ಯ ಸೊಕ್ಕಿದ್ದಾನೆ ಎಂದಾಗುತ್ತದೆ. ಪಕ್ಕದ ಸೀಟಿನ ಮುದುಕ ಕೈ ಚಾಚಿದ. ಕಣ್ಣಿಟ್ಟು ನೋಡಿ "ಯಪ್ಪಾ" ಎಂದ. ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಖಟ್.

ಗೋರಖನಾಥನ ಎದೆಯೂ ಖಟ್ ಎಂದಿತು. ರೀಲು ಹೋಗುತ್ತದೆ ಎಂದು ತಿಳಿಸಿ ಹೇಳಿದ. ದಿಲೀಪ ಅಡ್ಡ ಬಂದ.

"ಲೈಟ್ ಬಿತ್ತೇನು? ಲೈಟ್ ಬೀಳಲಿಲ್ಲಂದ್ರ ಫೋಟೋ ಹ್ಯಾಂಗ ಬೀಳ್ತದೋ ಮಾರಾಯ?"

ಇಡೀ ಬಸ್ಸು ಹೌದೆಂದಿತು. ಮದುವೆಗಳಲ್ಲಿ ಸ್ಟುಡಿಯೋದವರು ಫಳ್ಳನೆ ಲೈಟು ಹೊಡೆದಾಗಲೇ ಫೋಟೋ ಬಿದ್ದದ್ದು ಎಂದು ಎಲ್ಲರೂ ಸಣ್ಣಂದಿನಿಂದ ನಂಬಿದವರು. ಲೈಟಿಲ್ಲದ ಖಟ್ ಪುಕ್ಕಟೆ ಖಟ್. ಕ್ಯಾಮೆರಾ ಪ್ರಸಾದದ ತಟ್ಟೆಯಂತೆ ಹಿಂದಿನ ಸೀಟಿನವರೆಗೆ ಹೋಗಿ ಬಂತು.

ಗೋರಖನಾಥ ಒಂದು ಉಪಾಯ ಹೂಡಿದ. ಪ್ರತಿ ಫೋಟೋ ಆದ ಮೇಲೆ ಮೇಲಿನ ಸಣ್ಣ ಹಿಡಿಯನ್ನು ಎಳೆದರಷ್ಟೇ ರೀಲು ಮುಂದಕ್ಕೆ ಸರಿಯುವುದು. ಎಳೆಯದೆ ಕೊಟ್ಟರೆ ಗುಂಡಿ ಒತ್ತಲು ಬರುವುದಿಲ್ಲ. ಆದರೆ ಔರಾದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ದಿಲೀಪ ಆ ಹಿಡಿಯನ್ನು ಕಂಡುಹಿಡಿದುಬಿಟ್ಟ. ಕಿರ್ರ್ ಎಂದು ಎಳೆಯುವುದು, ಖಟ್ ಎಂದು ಒತ್ತುವುದು. ಆ ಸುಖ ಅವನು ಒಬ್ಬನೇ ಉಣ್ಣುವವನಲ್ಲ, ಕೂತವರಿಗೆಲ್ಲ ಕಲಿಸಿಕೊಟ್ಟ. ನೋಡಿದವರೆಲ್ಲ ಬಾಯಿ ತೆರೆದು, ತಮ್ಮ ಊರನ್ನು ಮೊದಲ ಸಲ ಕಂಡವರಂತೆ ನಿಲ್ಲುತ್ತಿದ್ದರು. ಹಾಗೆ ನಿಂತವರ ಕೈಯಿಂದ ಕಸಿದುಕೊಳ್ಳಲು ಗೋರಖನಾಥನಿಗೆ ಮನಸ್ಸು ಬರಲಿಲ್ಲ.

ಎಕಂಬಾ ಮುಟ್ಟಿದಾಗ ಎಂಟು ಉಳಿದಿದ್ದವು. ಹಿಟ್ಟಿನ ಗಿರಣಿಯ ದತ್ತಾತ್ರಿ ಕಾಕಾ ದಾರಿಯಲ್ಲೇ ಹಿಡಿದ. ತನ್ನ ಎತ್ತುಗಳನ್ನು ಎಡದಿಂದ, ಬಲದಿಂದ, ಹಿಂದಿನಿಂದಲೂ ನೋಡಿ ನೋಡಿ ಒತ್ತಿದ. ಮನೆಯ ಅಂಗಳಕ್ಕೆ ಬರುವಷ್ಟರಲ್ಲಿ ಉಳಿದದ್ದು ಒಂದು. ಒಳಗೆ ಕಾಂತಾಬಾಯಿ ಹೊಸ ಸೀರೆ ಉಡುತ್ತಿದ್ದಳು. ಹೊರಗೆ ಅರ್ಧ ಊರು ಕೈ ಚಾಚಿ ನಿಂತಿತ್ತು.

ಗೋರಖನಾಥನ ತಾಳ್ಮೆ ಹರಿಯಿತು. ಕ್ಯಾಮೆರಾ ಎದೆಗವಚಿಕೊಂಡು ಕಟ್ಟೆಯ ಮೇಲೆ ಹತ್ತಿ ನಿಂತ.

"ಕಾಕಾ, ಎಲ್ಲರೂ ಕೇಳ್ರಿ. ಲೈಟ್ ಬೀಳದಿದ್ರೂ ಫೋಟೋ ಬೀಳ್ತದ. ಹಿಂಗ ಎಳದು, ಹಿಂಗ ಒತ್ತಿದ್ರ ಸಾಕು, ನಲವತ್ನಾಕು ರೂಪಾಯಿ ಹೋದಂಗ."

ಕಿರ್ರ್. ಖಟ್.

ಅಂಗಳದಲ್ಲಿ ಕುರಿಯೂ ಮೆಲುಕು ನಿಲ್ಲಿಸಿತು. ಗೋರಖನಾಥ ಹಿಡಿಯನ್ನು ಮತ್ತೆ ಎಳೆದು ನೋಡಿದ. ಬರಲಿಲ್ಲ. ರೀಲು ಮುಗಿದಿತ್ತು.

"ಈಗ ತಿಳೀತು ನೋಡು," ಎಂದ ದಿಲೀಪ.

ಆಗಲೇ ಕಾಂತಾಬಾಯಿ ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ಎರಡೂ ಕೈ ಮೊಣಕಾಲ ಮೇಲೆ, ಹಣೆಯಲ್ಲಿ ದೊಡ್ಡ ಕುಂಕುಮ. ರೀಲು ಮುಗಿದದ್ದನ್ನು ಮಗ ಮುಚ್ಚಿಟ್ಟ. ಕ್ಯಾಮೆರಾಕ್ಕೆ ಕಣ್ಣಿಟ್ಟ. ಅವ್ವನ ಮುಖ ಎರಡಾಗಿ ಕಂಡಿತು. ಉಂಗುರ ತಿರುಗಿಸಿದ, ಎರಡೂ ಕೂಡಿ ಒಂದಾಯಿತು. ಬಿಸಿಲು ಕೊರೆದ ಗೆರೆ, ಗಲ್ಲದ ಹಚ್ಚೆ, ನಗು ತಡೆದು ಬಿಗಿದ ತುಟಿ. ಇಷ್ಟು ವರ್ಷ ಉಂಡದ್ದು ಈಕೆಯ ಕೈಯಿಂದ, ಮುಖ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಅವನು ನೋಡುತ್ತಲೇ ನಿಂತ.

ದಿಲೀಪ ಕನಿಕರಪಟ್ಟು ಮೊಬೈಲಿನ ಲೈಟು ಫಳ್ಳೆನಿಸಿದ. ದತ್ತಾತ್ರಿ ಕಾಕಾ ನಾಲಗೆಯಿಂದ ಖಟ್ ಎನಿಸಿದ.

"ಆತಲ್ಲ? ಇನ್ನ ಕೂಡಂಗಿಲ್ಲ," ಎಂದು ಕಾಂತಾಬಾಯಿ ಎದ್ದು ಒಳಗೆ ಹೋದಳು.

ಮುಂದಿನ ತಿಂಗಳು ಹೈದರಾಬಾದಿನಿಂದ ಫೋಟೋ ಬಂದವು. ಬಸ್ಸಿನ ಮಾಳಿಗೆ, ದಿಲೀಪನ ಹೆಬ್ಬೆರಳು, ಅಪರಿಚಿತರ ಮೂಗು, ಎತ್ತಿನ ಬಾಲ. ಕೊನೆಯದು ಕಟ್ಟೆಯ ಮೇಲಿಂದ ಸಿಟ್ಟಿನಲ್ಲಿ ಕೆಳಮುಖವಾಗಿ ಒತ್ತಿದ್ದು: ಹೊಸ್ತಿಲು, ಅದರ ಮೇಲೆ ಹೊರಗಿನ ಗದ್ದಲ ಕೇಳಲು ಬಂದು ನಿಂತ ಅವ್ವನ ಎರಡು ಪಾದ. ಕಾಲುಂಗುರ, ಬಿರುಕು, ಬಿರುಕಿನೊಳಗಿನ ಮಣ್ಣು, ಎಲ್ಲ ಕೈಯಿಂದ ಮುಟ್ಟುವಂತಿತ್ತು. ನೋಡಲು ಕೂಡಿದ್ದ ಜನ ಒಬ್ಬರ ಹೆಗಲ ಮೇಲೊಬ್ಬರು ಬಾಗಿದರು.

ಗೋರಖನಾಥ ಅಂದಿನ ಲೈಟು ಸುಳ್ಳೆಂದು ಒಪ್ಪಿಕೊಂಡ.

"ನಂಗ ಗೊತ್ತಿಲ್ಲೇನು?" ಎಂದಳು ಕಾಂತಾಬಾಯಿ. "ದತ್ತಾತ್ರಿ ಎತ್ತ ಹೊಡಿವಾಗೂ ಹಂಗೇ ಖಟ್ ಅಂತಾನ. ನೀ ನೋಡ್ಲಕತ್ತಿದ್ದಿ, ನೋಡ್ಲಿ ಅಂತ ಕುಂತೆ."

ಹಾಗಾದರೆ ಇನ್ನೊಂದು ಸಲ ಕೂಡು ಎಂದು ಮಗ ಅಂಗಲಾಚಿದ.

"ಪಾದ ಬಿದ್ದದಲ್ಲೋ ಮಗಾ. ಮಕ್ಕಳಿಗಿ ಅಷ್ಟು ಸಾಕು."

ಆಕೆಯೇ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗು ಹಾಕಿಸಿದಳು. ಮಹಾರಾಷ್ಟ್ರದ ಗಡಿಯಾಚೆಯಿಂದ ಕುರಿ ಕೊಳ್ಳಲು ಬಂದ ವ್ಯಾಪಾರಿ ಚಪ್ಪಲಿ ಬಿಟ್ಟು, ಯಾವ ಸಂತ ಮಹಾರಾಜರ ಪಾದ ಎಂದು ಕೇಳಿ, ಕೈ ಮುಗಿದು, ಹತ್ತು ರೂಪಾಯಿ ಇಟ್ಟು ಹೋದ. ಈಗ ದತ್ತಾತ್ರಿ ಕಾಕಾನ ಗಿರಣಿಯಲ್ಲೂ ಅದರ ಪ್ರತಿಯೊಂದಿದೆ. ಗುರುವಾರ ಅದಕ್ಕೆ ಹೂವು ಏರುತ್ತದೆ. ಔರಾದದಿಂದ ಇನ್ನೂ ನಾಲ್ಕು ಪ್ರತಿ ಕೇಳಿದ್ದಾರೆ.

ಗೋರಖನಾಥನ ಕೈಯಿಂದ ಹೋದದ್ದು ಕ್ಯಾಮೆರಾದ ದುಡ್ಡು ಮತ್ತು ಒಂದು ರೀಲು. ಸಿಕ್ಕದ್ದು ಅವ್ವನ ಪಾದ. ಮುಖ ಇನ್ನೂ ಆಧಾರ್ ಕಾರ್ಡಿನಲ್ಲೇ ಇದೆ.