ಚಿಕ್ಕಪ್ಪನ ಕ್ಯಾಂಡಲ್ ಸ್ಟ್ಯಾಂಡು

ನಮ್ಮ ಚಿಕ್ಕಪ್ಪನ ತಲೆ ಸರಿಯಾಗಿಯೇ ಇತ್ತು. ನಮಗೆ ಅರ್ಥವಾಗುವ ಹಾಗೆ ಕೆಲಸ ಮಾಡುತ್ತಿರಲಿಲ್ಲ, ಅಷ್ಟೇ. ಮಳೆಗಾಲದಲ್ಲಿ ಕೊಡೆ ಹಿಡಿದು ಹೊರಡುತ್ತಿದ್ದರು, ಬಿಚ್ಚುತ್ತಿರಲಿಲ್ಲ. ನೆನೆದರೆ ಕೊಡೆ ಹಾಳಾಗುತ್ತದಂತೆ! ಇಂಥ ಮನುಷ್ಯ ಒಂದು ಸಂಜೆ ಕಾಫಿ ಕುಡಿಯುತ್ತ, "ನಾನೊಂದು ಕ್ಯಾಂಡಲ್ ಸ್ಟ್ಯಾಂಡ್ ಮಾಡ್ತೀನಿ" ಅಂದಾಗ ಮನೆಯಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಉತ್ತರ ಕೊಟ್ಟುಬಿಡುತ್ತಾರಲ್ಲ, ಆ ಭಯ.

ಆಗ ನಾನು ಕಾಲೇಜಿಗೆಂದು ಪೀಣ್ಯದ ಅವರ ಮನೆಯಲ್ಲಿದ್ದೆ. ಹೊಲಗಳೆಲ್ಲ ಒಂದೊಂದಾಗಿ ಶೆಡ್ಡುಗಳಾಗುತ್ತಿದ್ದ ಕಾಲ. ನಮ್ಮದೇ ಹಳೇ ರಾಗಿ ಹೊಲದಲ್ಲಿ ಎದ್ದಿದ್ದ ಪಿಂಗಾಣಿ ಕಾರ್ಖಾನೆಯಲ್ಲಿ ಚಿಕ್ಕಪ್ಪನಿಗೆ ಕೆಲಸ. ಅಲ್ಲಿ ತಯಾರಾಗುತ್ತಿದ್ದುದು ಮೀಟರ್ ಬೋರ್ಡಿನ ಫ್ಯೂಸು. ಕರೆಂಟಿಗೆಂದೇ ಹುಟ್ಟಿದ ಆ ಕಾರ್ಖಾನೆ ಕರೆಂಟೇ ಇಲ್ಲದೆ ಅರ್ಧ ವಾರ ಕೈಕಟ್ಟಿ ಕೂತಿರುತ್ತಿತ್ತು. ಒಂದು ಮೂಲೆಯಲ್ಲಿ ಕಾಲಿನಿಂದ ಒದ್ದು ತಿರುಗಿಸುವ ಹಳೇ ಚಕ್ರವಿತ್ತು. ಮೆಷಿನ್ನುಗಳು ನಿಂತಾಗ ಸೂಪರ್‌ವೈಸರನ್ನು ಕೇಳಿಕೊಂಡು ಚಿಕ್ಕಪ್ಪ ಅದರ ಮುಂದೆ ಕೂತರು.

ಒಂದು ದಿನ ಊಟದ ಕ್ಯಾರಿಯರ್ ಕೊಡಲು ಹೋದಾಗ ನೋಡಿದೆ. ಅವರ ಕಾಲು ಒಂದು ತಾಳದಲ್ಲಿ, ಕೈ ಇನ್ನೊಂದು ತಾಳದಲ್ಲಿ. ಮಣ್ಣಿನ ಮುದ್ದೆ ಹೇಗೋ ಎದ್ದು ನಿಂತಿತು, ಕುತ್ತಿಗೆ ಉದ್ದ ಮಾಡಿತು, ಆಮೇಲೆ ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಪಕ್ಕಕ್ಕೆ ವಾಲಿ ಚಿಕ್ಕಪ್ಪನ ತೊಡೆಯ ಮೇಲೆ ಮಲಗಿಬಿಟ್ಟಿತು.

"ಏನಾಯ್ತು ಚಿಕ್ಕಪ್ಪ?"

"ಏನಿಲ್ಲ ಕಣೋ. ತಾನು ಏನಾಗ್ಬೇಕು ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ."

ಅದಕ್ಕೇನು, ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಬೀಡಾ ಅಂಗಡಿಯವನಿಗೆ ಫಾರಿನ್‌ಗೆ ಕಳಿಸೋಕೆ ಅಂದಿದ್ದರಂತೆ. ನೋಡಲು ಬಂದಿದ್ದ ನಮ್ಮಪ್ಪನಿಗೆ, ತಮ್ಮ ಬೆನ್ನುನೋವಿಗೆ ಒಳ್ಳೆಯ ವ್ಯಾಯಾಮ ಅಂದರು. ನಾನು ಕೇಳಿದರೆ "ಸುಮ್ನೆ ಕಣೋ" ಅಂದರು. ಮೂರರಲ್ಲಿ ಯಾವುದನ್ನು ನಂಬುವುದು?

ಅಂತೂ ಭಟ್ಟಿಯಲ್ಲಿ ಫ್ಯೂಸುಗಳ ನಡುವೆ ಬೆಂದು ಮೊದಲನೆಯದು ಮನೆಗೆ ಬಂತು. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿದರು.

"ಇದೇನ್ಲಾ, ಉಪ್ಪಿನ ಬಟ್ಲಾ?"

"ಕ್ಯಾಂಡಲ್ ಸ್ಟ್ಯಾಂಡಮ್ಮ."

"ಅಂಗಾದ್ರೆ ಕ್ಯಾಂಡ್ಲು ಎಲ್ಲಿ ನಿಂತ್ಕೊಂತದೆ?"

ನಿಲ್ಲುವುದಿರಲಿ, ತೂತಿನೊಳಗೆ ಹೋಗಲೇ ಇಲ್ಲ. ಸುಟ್ಟ ಮೇಲೆ ಮಣ್ಣು ಕುಗ್ಗುತ್ತದೆ ಅನ್ನುವುದನ್ನು, ಅದೇ ಮಣ್ಣಿನಲ್ಲಿ ಸಂಬಳ ತಿನ್ನುವ ಚಿಕ್ಕಪ್ಪ ಮರೆತಿದ್ದರು. ಸೋಲೊಪ್ಪುವ ಪೈಕಿಯೇ? ಬ್ಲೇಡು ತಗೊಂಡು ಮೇಣದಬತ್ತಿಯನ್ನೇ ಕೆತ್ತತೊಡಗಿದರು. ಕೆತ್ತಿ ಕೆತ್ತಿ ಕೊನೆಗೆ ಕೈಯಲ್ಲಿ ದಾರ ಉಳಿಯಿತು.

ಎರಡನೆಯದರ ತೂತು ದೊಡ್ಡದಾಯಿತು. ಬತ್ತಿ ಒಳಗೆ ಹೋಯಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ. ಸುತ್ತ ನ್ಯೂಸ್‌ಪೇಪರ್ ತುರುಕಿದರು. ಬತ್ತಿ ಕರಗಿ ಕೆಳಗಿಳಿದಾಗ ಪೇಪರಿಗೆ ಬೆಂಕಿ ಹತ್ತಿ, ಚಿಕ್ಕಮ್ಮ ಓಡಿಬಂದು ಬಕೆಟ್ ನೀರು ಸುರಿದರು. ಅವತ್ತು ಕರೆಂಟ್ ಹೋದರೂ ನಮ್ಮ ಮನೆಯಲ್ಲಿ ಬೆಳಕಿಗೇನೂ ಕೊರತೆಯಾಗಲಿಲ್ಲ.

"ಲೋಟ ಬೋರಲು ಹಾಕಿ ಅದರ ಮೇಲೆ ಅಂಟಿಸಿದ್ರೆ ಆಯ್ತಲ್ರೀ" ಅಂದರು ಚಿಕ್ಕಮ್ಮ ನೆಲ ಒರೆಸುತ್ತ. "ಇಷ್ಟು ದಿನ ಹಾಗೇ ಮಾಡ್ತಿರ್ಲಿಲ್ವಾ?"

ಮಾರನೇ ದಿನ ಚಿಕ್ಕಪ್ಪ ಕಾರ್ಖಾನೆಯಲ್ಲಿ ಮತ್ತೆ ಚಕ್ರದ ಮುಂದೆ ಹೋಗಿ ಕೂತರು.

ಮೂರನೆಯದು ಬಂದಾಗ ನಾನು ನಗು ತಡೆಯಲಾಗದೆ ಹಿತ್ತಲಿಗೆ ಹೋದೆ. ಊಟದ ತಟ್ಟೆಯಷ್ಟು ಅಗಲದ ಬುಡ, ಬಾವಿಯಂಥ ಆಳದ ತೂತು, ಆಚೆಗೊಂದು ಈಚೆಗೊಂದು ಬಾಣಲೆಗಿರುವಂಥ ದಪ್ಪ ಕಿವಿ. ಅಜ್ಜಿ ಅದರಲ್ಲಿ ಹಪ್ಪಳ ಕರಿಯಬಹುದು ಅಂದರು.

ಆ ಸಂಜೆ ಕರೆಂಟ್ ಹೋಯಿತು. ಚಿಕ್ಕಮ್ಮ ಅಡುಗೆಮನೆಯಲ್ಲಿ ಬತ್ತಿ ಹಚ್ಚಿ, ಎರಡೂ ಕಿವಿ ಹಿಡಿದು ಅದನ್ನು ನಡುಮನೆಗೆ ತಂದರು. ದೀಪ ಅಲುಗಲಿಲ್ಲ. ದಿನಾ ಅವರು ಬತ್ತಿ ಅಂಟಿಸಿದ ಲೋಟ ಎತ್ತಿಕೊಂಡು ಬರುವಾಗ ಗೋಡೆಯ ಮೇಲೆ ನಮ್ಮ ನೆರಳೆಲ್ಲ ಕುಣಿಯುತ್ತಿತ್ತು. ಗಾಳಿ ಅಂದುಕೊಂಡಿದ್ದೆವು. ಗಾಳಿಯಲ್ಲ. ಚಿಕ್ಕಮ್ಮನ ಬಲಗೈ ಕೆಲವು ತಿಂಗಳಿಂದ ನಡುಗುತ್ತಿತ್ತು, ಅವರದನ್ನು ಯಾರಿಗೂ ಹೇಳಿರಲಿಲ್ಲ.

ಅವರು ನಿಂತಲ್ಲೇ ಚಿಕ್ಕಪ್ಪನನ್ನು ನೋಡಿದರು. "ಯಾವಾಗ ನೋಡಿದ್ರಿ?"

"ಸಾರು ಬಡಿಸೋವಾಗ. ಸೌಟು ತಟ್ಟೆಗೆ ತಾಗಿ ಟಿಕಟಿಕ ಅಂತಿತ್ತು."

"ಯಾರಿಗೂ ಗೊತ್ತಾಗ್ಬಾರ್ದು ಅಂದ್ಕೊಂಡಿದ್ದೆ."

"ನಾನೆಲ್ಲಿ ಯಾರಿಗಾದ್ರೂ ಹೇಳ್ದೆ?" ಅಂದರು ಚಿಕ್ಕಪ್ಪ. "ಭಾನುವಾರ ಡಾಕ್ಟ್ರ ಹತ್ರ ಹೋಗಿ ಬರೋಣ."

ಅಜ್ಜಿ ಸೊಸೆಗೆ ಮೆಲ್ಲಗೆ ಅಂದರು, "ಕೆಳಗ್ ಮಡಗವ್ವ, ಕೈ ನೋಯ್ತದೆ."

"ಇರ್ಲಿ ಅತ್ತೆ, ಏನೂ ಆಗಲ್ಲ" ಅಂತ ಚಿಕ್ಕಮ್ಮ ಅದನ್ನು ಹಿಡಿದುಕೊಂಡೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು.